ಅನ್ವಯವೆಂಬ ಪದದ ಇತಿಹಾಸ ಮತ್ತು ವಚನಗಳ ವಾಕ್ಯವಿಚಾರ

ವಚನಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ತತ್ತ್ವ, ಭಕ್ತಿ, ಸಮಾಜದೃಷ್ಟಿ, ಶೈಲಿ ಮೊದಲಾದ ವಿಷಯಗಳಿಗೆ ಸಲ್ಲುವಷ್ಟು ಗಮನ ವಚನದ ವಾಕ್ಯರಚನೆಗೆ ಸಲ್ಲುವುದಿಲ್ಲ. ವಾಕ್ಯವು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ, ಯಾವ ಪದವು ಯಾವ ಪದದೊಡನೆ ಕೂಡುತ್ತದೆ, ನಿಷೇಧವು ಯಾವುದನ್ನು ನಿಷೇಧಿಸುತ್ತದೆ ಎಂಬ ಪ್ರಶ್ನೆಗಳು ಪಾಠಶಾಲೆಯ ಮಕ್ಕಳಿಗೆ ಸೇರಿದವು, ಅನುಭಾವದ ಮಾತಿಗೆ ಅವುಗಳ ಗೊಡವೆ ಬೇಡ ಎಂಬ ಭಾವನೆಯೂ ಕೆಲವರಲ್ಲಿ ಉಂಟು. ಆದರೆ ಅನುಭಾವವೂ ನುಡಿಯ ಮೂಲಕವೇ ನಮ್ಮನ್ನು ಮುಟ್ಟಬೇಕಾಗಿದೆ. ವಾಕ್ಯದ ಅರ್ಧವನ್ನು ಪೂರ್ಣವೆಂದು ಬಗೆದರೆ, ಶರಣರು ಖಂಡಿಸಿದ ಮಾತೇ ಅವರ ಮತವೆಂದು ಪ್ರಚಾರವಾಗುವ ಅಪಾಯವಿದೆ. ಗೋಡೆಯ ಮೇಲೆ, ಆಮಂತ್ರಣಪತ್ರಿಕೆಯಲ್ಲಿ, ಭಾಷಣದ ನಡುವೆ ವಚನದ ಒಂದೊಂದು ಸಾಲನ್ನು ಬಿಡಿಸಿ ಬಳಸುವ ರೂಢಿ ಹೆಚ್ಚಾಗಿರುವ ಈ ಕಾಲದಲ್ಲಿ, ನಮ್ಮ ಹಿರಿಯರು 'ಅನ್ವಯ' ಎಂಬ ಒಂದು ಪದದಿಂದ ಸೂಚಿಸುತ್ತಿದ್ದ ವಿಚಾರವನ್ನು ಮತ್ತೆ ಪರಿಶೀಲಿಸುವುದು ಉಚಿತವಾಗಿದೆ.

ಪದದ ಹುಟ್ಟು

'ಅನು' ಎಂದರೆ ಹಿಂದೆ, ಬಳಿಯಲ್ಲಿ. ಅದಕ್ಕೆ ಹೋಗು ಎಂಬರ್ಥದ ಧಾತು ಸೇರಿ 'ಅನ್ವಯ' ಎಂಬ ಪದ ಸಿದ್ಧಿಸಿದೆ. ಒಂದರ ಹಿಂದೆ ಇನ್ನೊಂದು ಅದನ್ನು ಬಿಡದೆ ನಡೆಯುವುದು ಎಂಬುದು ಇದರ ಮೂಲಾರ್ಥ. ಈ ಅರ್ಥವು ಮೊದಲು ಪ್ರಸಿದ್ಧವಾದದ್ದು ವ್ಯಾಕರಣದಲ್ಲಲ್ಲ, ವಂಶವನ್ನು ಹೇಳುವಲ್ಲಿ. ಅಮರಕೋಶವು ಸಂತತಿ, ಗೋತ್ರ, ಕುಲ, ವಂಶ ಮೊದಲಾದ ಪದಗಳ ಸಾಲಿನಲ್ಲಿ ಅನ್ವಯವನ್ನೂ ಎಣಿಸಿದೆ. ಕನ್ನಡನಾಡಿನ ಜೈನ ಶಾಸನಗಳಲ್ಲಿ ಯತಿಗಳ ಗುರುಪರಂಪರೆಯನ್ನು ಹೇಳುವಾಗ ಮೂಲಸಂಘ, ದೇಶಿಗಣ ಎಂಬ ಮಾತುಗಳೊಡನೆ ಕೊಂಡಕುಂದಾನ್ವಯ ಎಂಬ ಮಾತು ಪದೇ ಪದೇ ಬರುವುದು ಇತಿಹಾಸವನ್ನು ಓದಿದವರಿಗೆ ವಿದಿತವೇ ಆಗಿದೆ. ಬಳ್ಳಿಗಾವೆಯ ಕೋಡಿಯಮಠದ ಕಾಳಾಮುಖ ಶೈವಾಚಾರ್ಯರ ಶಾಸನಗಳು ಇದೇ ಭಾವವನ್ನು ಸಂತತಿ, ಆವಳಿ ಎಂಬ ಪದಗಳಿಂದ ಹೇಳುತ್ತವೆ. ಗುರುವಿನ ಹಿಂದೆ ಶಿಷ್ಯ, ಶಿಷ್ಯನ ಹಿಂದೆ ಪ್ರಶಿಷ್ಯ ಎಂಬ ಕ್ರಮವು ಎಲ್ಲಿಯೂ ಹರಿಯದೆ ಬಂದರೆ ಅದು ಅನ್ವಯ.

ತರ್ಕಶಾಸ್ತ್ರವೂ ಈ ಪದವನ್ನು ಎತ್ತಿಕೊಂಡಿತು. ಹೊಗೆಯಿರುವಲ್ಲಿ ಬೆಂಕಿಯಿರುವುದು ಅನ್ವಯ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲದಿರುವುದು ವ್ಯತಿರೇಕ. ಇಲ್ಲಿಯೂ ಒಂದನ್ನು ಇನ್ನೊಂದು ಬಿಡದೆ ಅನುಸರಿಸುವುದೇ ವಿವಕ್ಷಿತ. ವಾಕ್ಯವಿಚಾರಕ್ಕೆ ಬಂದಾಗ ಪದಗಳ ನಡುವಣ ಇಂಥದೇ ಸಂಬಂಧಕ್ಕೆ ಅನ್ವಯವೆಂಬ ಹೆಸರಾಯಿತು. ವಂಶದಲ್ಲಿ ಮಗನಿಗೆ ತಂದೆಯಿಂದ ಗುರುತು ದೊರೆಯುವಂತೆ, ವಾಕ್ಯದಲ್ಲಿ ಪದಕ್ಕೆ ತಾನು ಸೇರಿದ ಇನ್ನೊಂದು ಪದದಿಂದ ಗುರುತು ದೊರೆಯುತ್ತದೆ. ಅನ್ವಯ ತಪ್ಪಿದ ಪದವು ಅಪಾರ್ಥಕ್ಕೆ ಎಡೆಗೊಡುತ್ತದೆ.

ವಾಕ್ಯವೆಂದರೆ ಏನು

ವಾಕ್ಯದ ಲಕ್ಷಣವನ್ನು ಪ್ರಾಚೀನರು ಎರಡು ಬಗೆಯಾಗಿ ಹೇಳಿದ್ದಾರೆ. ಪಾಣಿನಿಯ ಸೂತ್ರಗಳಿಗೆ ವಾರ್ತಿಕವನ್ನು ಬರೆದ ಕಾತ್ಯಾಯನನ ಪ್ರಕಾರ ಒಂದು ಆಖ್ಯಾತ, ಎಂದರೆ ಒಂದು ಪೂರ್ಣ ಕ್ರಿಯಾಪದ ಇರುವುದು ಒಂದು ವಾಕ್ಯ. ಎಣಿಸುವುದಕ್ಕೆ ಸುಲಭವಾದ ಲಕ್ಷಣವಿದು. ಇಂದಿನ ಶಾಲಾವ್ಯಾಕರಣಗಳಲ್ಲಿ ಸಾಮಾನ್ಯವಾಕ್ಯವೆಂದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಮೀಮಾಂಸಕರಿಗೆ ಈ ಲಕ್ಷಣ ಸಾಲದೆ ಹೋಯಿತು. ಅದಕ್ಕೆ ಕಾರಣವಾದ ಸಂದರ್ಭವು ವಚನದ ಅಭ್ಯಾಸಿಗಳಿಗೆ ಬಹಳ ಗಮನಾರ್ಹವಾದದ್ದು. ಋಕ್ಕುಗಳು ಛಂದೋಬದ್ಧವಾದುವು, ಪಾದದ ಅಳತೆಯೇ ಅವುಗಳ ಮೇರೆಯನ್ನು ತೋರಿಸುತ್ತದೆ. ಯಜುಸ್ಸುಗಳಾದರೋ ಗದ್ಯರೂಪವಾದ ಮಂತ್ರಗಳು. ಅವನ್ನು ಎಡೆಬಿಡದೆ ಪಠಿಸುವಾಗ ಒಂದು ಮಂತ್ರ ಎಲ್ಲಿಗೆ ಮುಗಿದು ಇನ್ನೊಂದು ಎಲ್ಲಿಂದ ಮೊದಲಾಯಿತೆಂದು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಜೈಮಿನಿಯು ತನ್ನ ಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ವಾಕ್ಯಲಕ್ಷಣವನ್ನು ಹೇಳಿದನು. ಅದರ ಸಾರಾಂಶವಿಷ್ಟು: ಯಾವ ಪದಸಮೂಹವು ಒಂದೇ ಪ್ರಯೋಜನವನ್ನು ಸಾಧಿಸುವುದೋ, ಬಿಡಿಸಿದರೆ ಯಾವುದರ ಭಾಗಗಳು ಒಂದನ್ನೊಂದು ಬಯಸುವುವೋ, ಅದು ಒಂದು ವಾಕ್ಯ. ಛಂದಸ್ಸಿನ ಅಳತೆ ಇಲ್ಲದಲ್ಲಿ ಅರ್ಥದ ಅಳತೆಯೇ ಮೇರೆಯಾಯಿತು. ಈ ಲಕ್ಷಣಕ್ಕೆ ಏಕವಾಕ್ಯತೆಯೆಂಬ ಹೆಸರು ಬಂದಿತು. ಇದರ ಪ್ರಕಾರ ಎರಡು ಮೂರು ಕ್ರಿಯಾಪದಗಳು ಬಂದರೂ ಪ್ರಯೋಜನವೊಂದೇ ಆಗಿದ್ದರೆ ಅವು ಕೂಡಿ ಒಂದು ಮಹಾವಾಕ್ಯವಾಗುತ್ತವೆ.

ಪದಗಳು ಹೀಗೆ ಕೂಡಿಕೊಳ್ಳಲು ಮೂರು ನಿಮಿತ್ತಗಳನ್ನು ಶಾಸ್ತ್ರಕಾರರು ಹೇಳಿದರು. ಮೊದಲನೆಯದು ಆಕಾಂಕ್ಷೆ: 'ತಂದನು' ಎಂದೊಡನೆ ಯಾರು, ಏನನ್ನು ಎಂಬ ಬಯಕೆ ಕೇಳುವವನಲ್ಲಿ ಹುಟ್ಟುತ್ತದೆ. ಹಸು, ಕುದುರೆ, ಆನೆ ಎಂದು ಬರಿದೆ ಎಣಿಸಿದರೆ ಆ ಬಯಕೆಯಿಲ್ಲ. ಆದುದರಿಂದ ಅದು ವಾಕ್ಯವಲ್ಲ. ಎರಡನೆಯದು ಯೋಗ್ಯತೆ: ನೀರಿನಿಂದ ತೋಯಿಸುವುದು ಹೊಂದುತ್ತದೆ, ಬೆಂಕಿಯಿಂದ ತೋಯಿಸುವುದು ಹೊಂದದು. ಮೂರನೆಯದು ಸನ್ನಿಧಿ: ಒಂದು ಪದವನ್ನು ಈಗ ನುಡಿದು ಮತ್ತೊಂದನ್ನು ಜಾವದ ಮೇಲೆ ನುಡಿದರೆ ಅವು ಕೂಡಿಕೊಳ್ಳುವುದಿಲ್ಲ. ಅನ್ವಯವು ಮೊದಲೋ ಪದದ ಅರ್ಥವು ಮೊದಲೋ ಎಂಬ ವಿಷಯದಲ್ಲಿ ಮೀಮಾಂಸಕರೊಳಗೇ ಭೇದವಾಯಿತು. ಪದಗಳು ಮೊದಲು ತಮ್ಮ ತಮ್ಮ ಅರ್ಥವನ್ನು ಹೇಳುತ್ತವೆ, ಆ ಅರ್ಥಗಳು ಅನಂತರ ಕೂಡುತ್ತವೆ ಎಂದು ಕುಮಾರಿಲ ಭಟ್ಟನ ಪಕ್ಷ, ಇದು ಅಭಿಹಿತಾನ್ವಯವಾದ. ಪದವು ಇತರ ಪದಗಳೊಡನೆ ಕೂಡಿಯೇ ಅರ್ಥವನ್ನು ಹೇಳುತ್ತದೆ ಎಂದು ಪ್ರಭಾಕರನ ಪಕ್ಷ, ಇದು ಅನ್ವಿತಾಭಿಧಾನವಾದ. ಹಿರಿಯರು ಹಸುವನ್ನು ತಾ, ಹಸುವನ್ನು ಕಟ್ಟು ಎಂದು ಆಡಿಕೊಳ್ಳುವುದನ್ನು ಕೇಳಿ, ಅವರ ನಡೆಯನ್ನು ಕಂಡು ಮಗು ಮಾತನ್ನು ಕಲಿಯುತ್ತದೆಯೇ ಹೊರತು ಬಿಡಿಪದಗಳ ಪಟ್ಟಿಯಿಂದಲ್ಲ ಎಂಬುದು ಪ್ರಭಾಕರರ ಯುಕ್ತಿ. ಅಂಗ, ಲಿಂಗ, ಪ್ರಸಾದ, ಐಕ್ಯ ಎಂಬಂಥ ಪದಗಳ ಅರ್ಥವನ್ನು ಬರಿಯ ನಿಘಂಟಿನಿಂದ ತಿಳಿಯಹೊರಟವರಿಗೆ ಈ ಯುಕ್ತಿಯ ಬಲ ಬೇಗನೆ ಅನುಭವಕ್ಕೆ ಬರುತ್ತದೆ.

ಕನ್ನಡ ಶಾಸ್ತ್ರಗ್ರಂಥಗಳಲ್ಲಿ

ಕನ್ನಡದಲ್ಲಿ ಈ ವಿಚಾರವು ಮೊದಲು ಕಾವ್ಯಲಕ್ಷಣದ ಬಾಗಿಲಿನಿಂದ ಒಳಬಂದಿತು. ದಂಡಿಯು ಕಾವ್ಯಾದರ್ಶದಲ್ಲಿ ಎಣಿಸಿದ ದೋಷಗಳಲ್ಲಿ ಅಪಾರ್ಥವೆಂಬುದೊಂದು. ಬಿಡಿಪದಗಳಿಗೆ ಅರ್ಥವಿದ್ದು ಒಟ್ಟು ಮಾತಿಗೆ ಅರ್ಥವಿಲ್ಲದಿರುವುದೇ ಆ ದೋಷ. ಬೇರೆ ಮಾತಿನಲ್ಲಿ ಹೇಳುವುದಾದರೆ ಅನ್ವಯದ ಅಭಾವ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯ ಗ್ರಂಥವನ್ನು ಬಹುಮಟ್ಟಿಗೆ ಅನುಸರಿಸಿ ಕಾವ್ಯದ ಗುಣದೋಷಗಳನ್ನು ಕನ್ನಡಕ್ಕೆ ಹೊಂದಿಸಿ ಹೇಳಿತು. ಒಂದರೊಡನೊಂದು ಕೂಡಬೇಕಾದ ಪದಗಳು ಪದ್ಯದ ಎರಡು ತುದಿಗಳಲ್ಲಿ ಬಿದ್ದರೆ ಅದನ್ನು ದೂರಾನ್ವಯವೆಂದು ಹೇಳುವ ವಾಡಿಕೆ ಸಂಸ್ಕೃತದಿಂದ ಕನ್ನಡದ ವಿದ್ವಾಂಸರಿಗೂ ಬಂದಿತು.

ವೈಯಾಕರಣರ ಮಾತೇ ಬೇರೆ. ಸುಮಾರು ೧೨೬೦ರಲ್ಲಿ ರಚಿತವಾದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಿವೆ, ಕೊನೆಯಲ್ಲಿ ಪ್ರಯೋಗಸಾರವಿದೆ. ವಾಕ್ಯಪ್ರಕರಣವೆಂಬುದಿಲ್ಲ. ಕರ್ತೃ, ಕರ್ಮ, ಕರಣ ಮೊದಲಾದ ಕಾರಕಗಳ ವಿಚಾರವು ನಾಮಪ್ರಕರಣದ ವಿಭಕ್ತಿವಿವೇಚನೆಯಲ್ಲಿಯೇ ಅಡಕವಾಗಿದೆ. ೧೬೦೪ರಲ್ಲಿ ಭಟ್ಟಾಕಳಂಕನು ೫೯೨ ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಕರ್ಣಾಟಕ ಶಬ್ದಾನುಶಾಸನವೂ ಹೆಸರಿಗೆ ತಕ್ಕಂತೆ ಮುಖ್ಯವಾಗಿ ಶಬ್ದದ ಅನುಶಾಸನವೇ. ಪದವನ್ನು ಸಾಧಿಸಿಕೊಟ್ಟರೆ ವಾಕ್ಯವು ತಾನೇ ಕೂಡಿಕೊಳ್ಳುತ್ತದೆ, ಉಳಿದುದನ್ನು ವ್ಯಾಖ್ಯಾನಕಾರರು ನೋಡಿಕೊಳ್ಳುತ್ತಾರೆ ಎಂಬುದು ಆ ಕಾಲದ ನಂಬಿಕೆಯಾಗಿತ್ತೆಂದು ತೋರುತ್ತದೆ. ಶಬ್ದಮಣಿದರ್ಪಣಕ್ಕೆ ಟೀಕೆ ಬರೆದ ಲಿಂಗಣಾರಾಧ್ಯ, ನಿಷ್ಠೂರ ನಂಜಯ್ಯ ಮೊದಲಾದವರು ಮಾಡಿದ ಕೆಲಸವೂ ಅದೇ: ಕಂದಪದ್ಯದಲ್ಲಿ ಹಿಂದುಮುಂದಾದ ಸೂತ್ರದ ಪದಗಳನ್ನು ಅನ್ವಯಿಸಿ ಓದುಗನ ಕೈಗೆ ಕೊಡುವುದು. ಮಂಗಳೂರಿನಲ್ಲಿ ಕಿಟ್ಟೆಲ್ಲರು ೧೮೭೨ರಲ್ಲಿ ಶಬ್ದಮಣಿದರ್ಪಣವನ್ನು ಅಚ್ಚುಹಾಕಿಸಿದಾಗ ಟೀಕೆಯನ್ನೂ ಸೇರಿಸಿದರು. ಟೀಕೆಯಿಲ್ಲದೆ ಸೂತ್ರವು ಕೈಗೆ ಹತ್ತುವಂತಿರಲಿಲ್ಲ.

ಅನ್ವಯವು ಜನಸಾಮಾನ್ಯರ ಮಾತಾದದ್ದು ಪಾಠಶಾಲೆಯಿಂದ. ಸಂಸ್ಕೃತ ಪಾಠದಲ್ಲಿ ಇದಕ್ಕೆ ಎರಡು ಮಾರ್ಗಗಳಿದ್ದುವು. ಶ್ಲೋಕದ ಪದಗಳನ್ನೆಲ್ಲ ಕರ್ತೃ, ಅದರ ವಿಶೇಷಣ, ಕರ್ಮ, ಕ್ರಿಯೆ ಎಂಬ ಕ್ರಮದಲ್ಲಿ ಉದ್ದಕ್ಕೆ ಜೋಡಿಸಿಬಿಡುವುದು ದಂಡಾನ್ವಯ. ಮೊದಲು ಕ್ರಿಯಾಪದವನ್ನು ಹಿಡಿದು ಯಾರು, ಯಾರನ್ನು, ಏತರಿಂದ, ಎಂಥವನು ಎಂದು ಒಂದೊಂದೇ ಪ್ರಶ್ನೆ ಕೇಳುತ್ತ ಉತ್ತರವಾಗಿ ಒಂದೊಂದೇ ಪದವನ್ನು ಕೂಡಿಸುವುದು ಖಂಡಾನ್ವಯ. ಎರಡನೆಯ ಮಾರ್ಗದಲ್ಲಿ ಶಾಸ್ತ್ರದ ಆಕಾಂಕ್ಷೆಯೇ ಅಧ್ಯಾಪಕನ ಪ್ರಶ್ನೆಯಾಗಿ ನಿಂತಿದೆ. ಕೂಲಿಮಠಗಳಲ್ಲಿ ಜೈಮಿನಿ ಭಾರತ, ಸೋಮೇಶ್ವರ ಶತಕ ಮೊದಲಾದುವನ್ನು ಓದಿಸುವಾಗ ಕನ್ನಡಕ್ಕೂ ಈ ಕ್ರಮ ಅನುಕೂಲವಾಯಿತು. ಪದವಿಭಾಗ, ಅನ್ವಯಕ್ರಮ, ಪದಾರ್ಥ, ಭಾವಾರ್ಥ ಎಂಬ ನಾಲ್ಕು ಮೆಟ್ಟಲುಗಳು ಹಳಗನ್ನಡ ಪಾಠಪುಸ್ತಕಗಳಲ್ಲಿಯೂ ಉಳಿದುಬಂದುವು. ಇಂಗ್ಲಿಷ್ ವ್ಯಾಕರಣದ ಪ್ರಭಾವದಿಂದ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ವಾಕ್ಯಭೇದಗಳೂ ವಾಕ್ಯವಿಶ್ಲೇಷಣೆಯೆಂಬ ಹೆಸರೂ ಬಂದ ಮೇಲೆ ಅನ್ವಯವು ಪದ್ಯಪಾಠಕ್ಕೆ ಮಾತ್ರ ಮೀಸಲಾಯಿತು. ಪದ್ಯವಾದರೆ ಅನ್ವಯ ಬೇಕು, ಗದ್ಯವಾದರೆ ಬೇಡ ಎಂಬ ತಿಳಿವಳಿಕೆ ಬೆಳೆದದ್ದು ಹೀಗೆ. ವಚನದ ಓದಿಗೆ ಈ ತಿಳಿವಳಿಕೆಯಿಂದ ನಷ್ಟವಾಗಿದೆ.

ವಚನಕ್ಕೆ ಅನ್ವಯವೇಕೆ

ಚಾಮರಸನ ಪ್ರಭುಲಿಂಗಲೀಲೆಯ ೧೧೧೧ ಪದ್ಯಗಳು ಭಾಮಿನಿ ಷಟ್ಪದಿಯಲ್ಲಿವೆ. ಅಲ್ಲಿ ಪ್ರಾಸ, ಮಾತ್ರೆ, ಆರು ಸಾಲುಗಳ ಕಟ್ಟು ಪದಗಳ ಸ್ಥಾನವನ್ನು ಆಳುತ್ತವೆ. ಓದುಗನು ಪದಗಳನ್ನು ಹೆಕ್ಕಿ ಗದ್ಯಕ್ರಮಕ್ಕೆ ತರಬೇಕು. ಅದೇ ಪ್ರಭುದೇವರ ವಚನಗಳಲ್ಲಿ ಪದಗಳು ಬಹುಮಟ್ಟಿಗೆ ಆಡುಮಾತಿನ ಕ್ರಮದಲ್ಲಿಯೇ ನಿಂತಿವೆ. ಆದುದರಿಂದ ಅನ್ವಯದ ಶ್ರಮವಿಲ್ಲವೆಂದು ತೋರುವುದು ಸಹಜ. ಆದರೆ ವಚನದಲ್ಲಿ ಕೇಳಬೇಕಾದುದು ಪದಗಳ ಕ್ರಮವನ್ನಲ್ಲ, ವಾಕ್ಯದ ಮೇರೆಯನ್ನು. ಯಜುಸ್ಸುಗಳ ವಿಷಯದಲ್ಲಿ ಮೀಮಾಂಸಕರಿಗೆ ಒದಗಿದ ತೊಡಕೇ ಇಲ್ಲಿಯೂ ಒದಗುತ್ತದೆ. ಛಂದಸ್ಸಿನ ಪಾದವಿಲ್ಲ, ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ, ಅಲ್ಪವಿರಾಮ, ಪ್ರಶ್ನಾರ್ಥಕಚಿಹ್ನೆಗಳಿಲ್ಲ. ಲಿಪಿಕಾರನು ಎಡೆಬಿಡದೆ ಬರೆದುಕೊಂಡು ಹೋಗಿದ್ದಾನೆ. ವಚನದ ಕೊನೆಯನ್ನು ಅಂಕಿತವು ಸಾಮಾನ್ಯವಾಗಿ ತೋರಿಸಿಕೊಡುತ್ತದೆ. ಒಳಗಣ ವಾಕ್ಯಗಳ ಮೇರೆಯನ್ನು ತೋರಿಸುವ ಗುರುತು ಇಲ್ಲ.

ವಚನಪಿತಾಮಹರೆಂದು ಪ್ರಖ್ಯಾತರಾದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ, ಮಠಗಳಿಂದ ಹಸ್ತಪ್ರತಿಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅವರ ಕೆಲಸವನ್ನು ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದವರು ಮುಂದುವರಿಸಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವು ೧೫ ಸಂಪುಟಗಳಾಗಿ ೧೯೯೩ರಲ್ಲಿ ಸರ್ಕಾರದಿಂದ ಹೊರಬಂದಿತು. ಈ ಮಹನೀಯರ ಪರಿಶ್ರಮವನ್ನು ಪಾಠಾಂತರಗಳ ದೃಷ್ಟಿಯಿಂದ ಕೊಂಡಾಡುವುದುಂಟು. ಆದರೆ ಅವರು ಪ್ರತಿಯೊಂದು ಪುಟದಲ್ಲಿಯೂ ಮಾಡಿದ ಇನ್ನೊಂದು ಕೆಲಸವಿದೆ. ಪದವನ್ನು ಬಿಡಿಸಿದ್ದು, ಸಾಲನ್ನು ಮುರಿದದ್ದು, ವಿರಾಮಚಿಹ್ನೆಯನ್ನು ಇಟ್ಟದ್ದು, ಇವೆಲ್ಲ ಅನ್ವಯದ ನಿರ್ಣಯಗಳೇ. ಒಬ್ಬ ಸಂಪಾದಕರು ಗದ್ಯದಂತೆ ಒಟ್ಟಿಗೆ ಅಚ್ಚುಹಾಕಿಸಿದುದನ್ನು ಇನ್ನೊಬ್ಬರು ಸಾಲುಸಾಲಾಗಿ ಒಡೆದಿರುವುದನ್ನು ಕಾಣಬಹುದು. ಅಚ್ಚಿನಲ್ಲಿ ಕಾಣುವ ಸಾಲು ಶರಣರು ಇಟ್ಟದ್ದಲ್ಲ, ಸಂಪಾದಕರು ಇಟ್ಟದ್ದು ಎಂಬ ಒಂದು ಸಂಗತಿ ನೆನಪಿನಲ್ಲಿದ್ದರೆ ಸಾಲನ್ನೇ ವಾಕ್ಯವೆಂದು ಭ್ರಮಿಸುವ ತಪ್ಪು ನಿವಾರಣೆಯಾಗುತ್ತದೆ.

ಎಡವುವ ಎಡೆಗಳು

ಕನ್ನಡದ ಜಾಯಮಾನದಿಂದಲೇ ಉಂಟಾಗುವ ಕೆಲವು ಎಡೆಗಳನ್ನು ಇಲ್ಲಿ ಪರಿಶೀಲಿಸಬಹುದು. ಉದಾಹರಣೆಗೆ ಕೊಟ್ಟಿರುವ ವಾಕ್ಯಗಳು ವಚನದವಲ್ಲ. ವಿಷಯವು ಸ್ಪಷ್ಟವಾಗಲೆಂದು ದಿನಬಳಕೆಯ ಮಾತನ್ನೇ ತೆಗೆದುಕೊಂಡಿದೆ.

ಮೊದಲನೆಯದು ಅನುವಾದ, ಎಂದರೆ ಪರರ ಮಾತನ್ನು ಎತ್ತಿಹೇಳುವುದು. ಕನ್ನಡದಲ್ಲಿ ಎಂದು, ಎಂಬ, ಎಂಬರು ಎಂಬ ಗುರುತುಗಳು ಎತ್ತಿಹೇಳಿದ ಮಾತಿನ ಬಳಿಕ ಬರುತ್ತವೆ. 'ಈ ವರ್ಷ ಮಳೆಯಾಗುವುದಿಲ್ಲ ಎಂಬವರ ಮಾತನ್ನು ನಂಬಬೇಡ' ಎಂಬಲ್ಲಿ ಮೊದಲ ಮೂರು ಪದಗಳನ್ನು ಮಾತ್ರ ಕೇಳಿದವನು ಹೇಳಿದವನ ಅಭಿಪ್ರಾಯವನ್ನು ತಲೆಕೆಳಗಾಗಿ ತಿಳಿಯುತ್ತಾನೆ. ಆ ಮೂರು ಪದಗಳಲ್ಲಿ ಕರ್ತೃ, ಕ್ರಿಯೆ ಎರಡೂ ಇವೆ; ಕಾತ್ಯಾಯನನ ಲಕ್ಷಣದಂತೆ ಅದು ಪೂರ್ಣವಾಕ್ಯವೇ. ಆದರೆ ಜೈಮಿನಿಯ ಲಕ್ಷಣದಂತೆ ಅದು ಒಂದು ತುಂಡು. ಲೋಕದವರ ಅಭಿಪ್ರಾಯವನ್ನು ಮೊದಲು ಮುಂದಿಟ್ಟು, ಅದು ಅವರ ಮಾತೆಂದು ಕೊನೆಗೆ ತಿಳಿಸಿ, ಅನಂತರ ಅದನ್ನು ಅಲ್ಲಗಳೆಯುವುದು ವಚನಕಾರರ ಪ್ರಿಯವಾದ ನಿರೂಪಣಕ್ರಮಗಳಲ್ಲೊಂದು. ಸಾಲನ್ನು ಕಿತ್ತು ಬಳಸುವವರು ಎಂಬರು ಎಂಬ ಪದದ ಈಚೆಗೇ ನಿಂತರೆ ಪೂರ್ವಪಕ್ಷವೇ ಸಿದ್ಧಾಂತವಾಗಿಬಿಡುತ್ತದೆ.

ಎರಡನೆಯದು ಪಕ್ಷಾರ್ಥಕ. ವಚನದ ಭಾಷೆಯಲ್ಲಿ 'ಡೆ' ಎಂದೂ ಹೊಸಗನ್ನಡದಲ್ಲಿ 'ರೆ' ಎಂದೂ ಕೊನೆಗೊಳ್ಳುವ ಈ ರೂಪವು ತನಗೊಂದು ಪೂರ್ಣಕ್ರಿಯೆಯನ್ನು ಬಯಸಿ ನಿಲ್ಲುತ್ತದೆ. ವಚನದಲ್ಲಿ ಇಂಥ ರೂಪಗಳು ಮಾಲೆಯಂತೆ ಬರುವುದುಂಟು. ಅವೆಲ್ಲವುಗಳ ಆಕಾಂಕ್ಷೆ ಕಟ್ಟಕಡೆಯ ಒಂದು ಕ್ರಿಯಾಪದದಲ್ಲಿ ತೀರುತ್ತದೆ. ಆ ಕೊನೆಯ ಕ್ರಿಯಾಪದವನ್ನು ಬೇರ್ಪಡಿಸಿ ಉಲ್ಲೇಖಿಸಿದರೆ, ನಿಬಂಧನೆಗೆ ಒಳಪಟ್ಟು ಹೇಳಿದ ಮಾತು ನಿರ್ಬಂಧವಿಲ್ಲದ ಘೋಷಣೆಯಾಗುತ್ತದೆ.

ಮೂರನೆಯದು ನಿಷೇಧ. 'ಅವನು ಭಯದಿಂದ ಮಾತನಾಡಲಿಲ್ಲ' ಎಂಬ ವಾಕ್ಯಕ್ಕೆ ಎರಡು ಅನ್ವಯಗಳಿವೆ. ಭಯದ ಕಾರಣ ಅವನು ಸುಮ್ಮನಿದ್ದ ಎಂದು ಒಂದು. ಮಾತನಾಡಿದ್ದು ನಿಜ, ಆದರೆ ಅದಕ್ಕೆ ಭಯ ಕಾರಣವಲ್ಲ ಎಂದು ಇನ್ನೊಂದು. ನಿಷೇಧವು ಕ್ರಿಯೆಯನ್ನು ಮುಟ್ಟುತ್ತದೆಯೋ ಕಾರಣವನ್ನು ಮುಟ್ಟುತ್ತದೆಯೋ ಎಂಬುದನ್ನು ಹಿಂದುಮುಂದಿನ ಮಾತೇ ತೀರ್ಮಾನಿಸಬೇಕು. ಆಚರಣೆಗಳನ್ನು ಕುರಿತ ವಚನಗಳಲ್ಲಿ ಈ ವಿವೇಕ ಅತ್ಯಗತ್ಯ. ಅಲ್ಲಿ ನಿಷೇಧಿಸಿದ್ದು ಆಚರಣೆಯನ್ನೋ ಅದರ ಹಿಂದಿನ ಡಂಭವನ್ನೋ ಎಂಬ ಪ್ರಶ್ನೆಗೆ ಓದುಗನ ಒಲವಿನಿಂದ ಉತ್ತರ ಹೇಳುವಂತಿಲ್ಲ, ಅನ್ವಯದಿಂದಲೇ ಹೇಳಬೇಕು. ಎರಡೂ ಬಗೆಯ ವಚನಗಳು ಇವೆಯೆಂಬುದು ಹೀಗೆ ಓದಿದವರಿಗೆ ಮನದಟ್ಟಾಗುತ್ತದೆ.

ನಾಲ್ಕನೆಯದು ಕೃದಂತ ವಿಶೇಷಣ. 'ಮಠಕ್ಕೆ ಬಂದ ಭಕ್ತರ ಮಕ್ಕಳು ಪ್ರಸಾದವನ್ನು ಸ್ವೀಕರಿಸಿದರು' ಎಂದರೆ ಮಠಕ್ಕೆ ಬಂದವರು ಭಕ್ತರೋ ಮಕ್ಕಳೋ? ಸನ್ನಿಧಿಯ ಬಲದಿಂದ ಭಕ್ತರೆಂದು ಮೊದಲು ತೋರಿದರೂ, ಪ್ರಸಾದ ಸ್ವೀಕರಿಸಿದವರು ಬಂದಿರಲೇಬೇಕೆಂಬ ಯೋಗ್ಯತೆಯ ಬಲವು ಮಕ್ಕಳ ಕಡೆಗೆ ಎಳೆಯುತ್ತದೆ. ಶರಣರ ಬಗೆಗೆ ಹೇಳಿದ ವಿಶೇಷಣವನ್ನು ದೇವರಿಗೂ, ದೇವರಿಗೆ ಹೇಳಿದ್ದನ್ನು ಶರಣರಿಗೂ ಕೂಡಿಸಿಬಿಡುವ ಪ್ರಮಾದವು ಇಂಥ ಎಡೆಯಲ್ಲಿಯೇ ಸಂಭವಿಸುತ್ತದೆ.

ಐದನೆಯದು ಪದವಿಭಾಗಕ್ಕೆ ಸಂಬಂಧಿಸಿದ್ದು. 'ಲೋಕವರಿಯೆ' ಎಂಬ ಒಂದು ರೂಪವನ್ನು ತೆಗೆದುಕೊಳ್ಳಬಹುದು. ಲೋಕವು ಅರಿಯುವಂತೆ, ಎಲ್ಲರಿಗೂ ಗೊತ್ತಾಗುವ ಹಾಗೆ ಎಂಬುದು ಒಂದು ಅರ್ಥ. ಇಲ್ಲಿ ಲೋಕವು ಕರ್ತೃ. ನಡುಗನ್ನಡದಲ್ಲಿ ದ್ವಿತೀಯಾ ವಿಭಕ್ತಿಯು 'ಲೋಕವ' ಎಂದೂ ಆಗುವುದರಿಂದ, ಲೋಕವ ಅರಿಯೆ, ಎಂದರೆ ಲೋಕವನ್ನು ನಾನು ತಿಳಿಯೆನು ಎಂಬುದು ಇನ್ನೊಂದು ಅರ್ಥ; ಇಲ್ಲಿ ಲೋಕವು ಕರ್ಮ, ಕರ್ತೃವು ಕ್ರಿಯಾಪದದ ಪ್ರತ್ಯಯದಲ್ಲಿಯೇ ಅಡಗಿದೆ. ಅಕ್ಷರಗಳು ಅವೇ; ಒಂದು ಅನ್ವಯದಲ್ಲಿ ಅರಿವು, ಇನ್ನೊಂದರಲ್ಲಿ ಅರಿಯದಿರುವುದು. ಪದಕೋಶವು ಎರಡನ್ನೂ ಒದಗಿಸೀತು, ಆರಿಸಿಕೊಡಲಾರದು. ಮುಂದಿನ ಕ್ರಿಯಾಪದವೇ ಆರಿಸಿಕೊಡಬೇಕು.

ಕೊನೆಯದು ಅಂಕಿತ. ಅಂಕಿತವನ್ನು ವಚನದ ಮುದ್ರೆಯೆಂದು ಮಾತ್ರ ಕಂಡು, ವಾಕ್ಯದ ಹೊರಗೆ ಇಡುವುದು ಸಾಮಾನ್ಯ. ಆದರೆ ಅಂಕಿತಕ್ಕೂ ವಿಭಕ್ತಿಯಿದೆ. ಕೂಡಲಸಂಗಮದೇವನು ಕೆಲವೆಡೆ ಸಂಬೋಧನೆಯಲ್ಲಿ ಬರುತ್ತಾನೆ. ಆಗ ವಚನವು ಪ್ರಾರ್ಥನೆ ಅಥವಾ ನಿವೇದನೆ. ಕೆಲವೆಡೆ ಪ್ರಥಮೆಯಲ್ಲಿ ಕರ್ತೃವಾಗಿ ಬರುತ್ತಾನೆ. ಆಗ ಅದು ದೇವನ ನಡೆಯನ್ನು ಕುರಿತ ಪ್ರತಿಪಾದನೆ. ಷಷ್ಠಿಯಲ್ಲಿ ಬಂದಾಗ ಮಾತಿನ ತೂಕವು ಅವನ ಶರಣರ ಮೇಲೆ ಬೀಳುತ್ತದೆ. ಸಂಬೋಧನೆಯಲ್ಲಿ ಕೊನೆಯ ಸ್ವರವು ದೀರ್ಘವಾಗುವುದೂ ಉಂಟು, ಹ್ರಸ್ವವಾಗಿಯೇ ನಿಲ್ಲುವುದೂ ಉಂಟು. ಆದುದರಿಂದ ರೂಪವೊಂದನ್ನೇ ನಂಬುವಂತಿಲ್ಲ. ಕ್ರಿಯಾಪದವು ಉತ್ತಮಪುರುಷದಲ್ಲಿಯೋ ಮಧ್ಯಮಪುರುಷದಲ್ಲಿಯೋ ಇದ್ದರೆ ಅಂಕಿತವು ಸಂಬೋಧನೆ. ಪ್ರಥಮಪುರುಷದಲ್ಲಿದ್ದು ಬೇರೆ ಕರ್ತೃವಿಲ್ಲದಿದ್ದರೆ ಅಂಕಿತವೇ ಕರ್ತೃವಾಗುವ ಸಂಭವ ಹೆಚ್ಚು. ಭಕ್ತನು ದೇವನೊಡನೆ ಮಾತನಾಡುತ್ತಿದ್ದಾನೆಯೋ ದೇವನನ್ನು ಕುರಿತು ಲೋಕದೊಡನೆ ಮಾತನಾಡುತ್ತಿದ್ದಾನೆಯೋ ಎಂಬ ಭೇದವು ಸಣ್ಣದಲ್ಲ.

ಬೆಡಗು ಮತ್ತು ಪ್ರಕರಣ

ಈ ಕ್ರಮವು ಸರಳವಾದ ವಚನಗಳಿಗೆ ಸರಿ, ಬೆಡಗಿನ ವಚನಗಳಿಗೆ ಹೇಗೆ ಹೊಂದೀತು ಎಂದು ಕೇಳಬಹುದು. ನಿಜವಾಗಿ ಅನ್ವಯದ ಮಹತ್ವವು ಅಲ್ಲಿಯೇ ಹೆಚ್ಚು. ಬೆಡಗಿನ ವಚನದಲ್ಲಿ ಆಕಾಂಕ್ಷೆಯಿದೆ, ಸನ್ನಿಧಿಯಿದೆ. ಕರ್ತೃ, ಕರ್ಮ, ಕ್ರಿಯೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಕೆಟ್ಟಿರುವುದು ಯೋಗ್ಯತೆ ಒಂದೇ. ಅದೂ ಬುದ್ಧಿಪೂರ್ವಕವಾಗಿ ಕೆಡಿಸಿದ್ದು. ಲೋಕದಲ್ಲಿ ಕೂಡದ ವಸ್ತುಗಳನ್ನು ವಾಕ್ಯದಲ್ಲಿ ಕೂಡಿಸಿದಾಗ ಓದುಗನು ವಾಚ್ಯಾರ್ಥವನ್ನು ದಾಟಿ ಹೋಗಲೇಬೇಕಾಗುತ್ತದೆ. ಪ್ರೌಢದೇವರಾಯನ ಆಳಿಕೆಯಿಂದ (೧೪೨೪-೧೪೪೬) ಮೊದಲ್ಗೊಂಡು ವಚನಗಳನ್ನು ಸಂಕಲಿಸಿ ಟೀಕೆ ಬರೆದ ವೀರಶೈವ ವಿದ್ವಾಂಸರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂದೊಂದು ಪದವನ್ನೂ ಎತ್ತಿಕೊಂಡು ಅದಕ್ಕೆ ದೇಹ, ಮನ, ಪ್ರಾಣ, ಅರಿವು ಎಂದು ಷಟ್‌ಸ್ಥಲಶಾಸ್ತ್ರಕ್ಕೆ ಒಪ್ಪುವ ಅರ್ಥವನ್ನು ಹೇಳುವುದು ಅವರ ರೀತಿ. ಪದದ ಅರ್ಥ ಬದಲಾಗುತ್ತದೆ, ಅನ್ವಯ ಬದಲಾಗುವುದಿಲ್ಲ. ಮೂಲದಲ್ಲಿ ಕರ್ತೃವಾಗಿರುವುದು ಟೀಕೆಯಲ್ಲಿಯೂ ಕರ್ತೃವಾಗಿರಬೇಕು, ಕರ್ಮವು ಕರ್ಮವಾಗಿರಬೇಕು. ಬೆಡಗಿಗೆ ಮನಬಂದಂತೆ ಅರ್ಥ ಹೇಳುವವರನ್ನು ತಡೆಯುವ ಒಂದೇ ಒಂದು ಕಟ್ಟುಪಾಡು ಇದು. ಪದಾರ್ಥದಲ್ಲಿ ಟೀಕಾಕಾರರೊಳಗೆ ಭೇದ ಬರಬಹುದು. ವಾಕ್ಯದ ಕಟ್ಟನ್ನೇ ಮುರಿದು ಹೇಳಿದ ಅರ್ಥವು ಆ ವಚನದ ಅರ್ಥವಾಗದು.

ವಾಕ್ಯದಿಂದಾಚೆಗೂ ಸಂಬಂಧವುಂಟು. ಶೂನ್ಯಸಂಪಾದನೆಗಳಲ್ಲಿ ವಚನಗಳು ಸಂವಾದದ ಎಳೆಯಲ್ಲಿ ಪೋಣಿಸಲ್ಪಟ್ಟಿವೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣ ಈ ನಾಲ್ವರು ಸಂಪಾದನಕಾರರು ವಚನಗಳನ್ನು ಅಳವಡಿಸಿದ ರೀತಿಯಲ್ಲಿ ವ್ಯತ್ಯಾಸಗಳಿವೆ. ಬಿಡಿಯಾಗಿ ಓದಿದಾಗ ಆತ್ಮನಿವೇದನೆಯಾಗಿ ಕಾಣುವ ವಚನವು ಸಂವಾದದಲ್ಲಿ ಒಂದು ಪ್ರಶ್ನೆಗೆ ಉತ್ತರವಾಗಿ ಕಾಣಬಹುದು. ಎರಡರಲ್ಲಿ ಯಾವುದು ಪ್ರಬಲ? ಇಲ್ಲಿಯೂ ಮೀಮಾಂಸಾಶಾಸ್ತ್ರದ ಒಂದು ನಿಯಮ ನೆರವಿಗೆ ಬರುತ್ತದೆ. ಅರ್ಥನಿರ್ಣಯಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಹೇಳಿ, ಮುಂದಿನದಕ್ಕಿಂತ ಹಿಂದಿನದು ಬಲಿಷ್ಠವೆಂದು ಜೈಮಿನಿ ವಿಧಿಸಿದ್ದಾನೆ. ಇಲ್ಲಿ ಲಿಂಗವೆಂದರೆ ಶಬ್ದದ ಸಾಮರ್ಥ್ಯವೇ ಹೊರತು ಶಿವಲಿಂಗವಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಈ ಕ್ರಮದಲ್ಲಿ ಪ್ರಕರಣಕ್ಕಿಂತ ವಾಕ್ಯವು ಮುಂದಿದೆ. ಆದುದರಿಂದ ಸಂಪಾದನಕಾರರು ಕಲ್ಪಿಸಿದ ಸನ್ನಿವೇಶವು ವಚನದ ಅರ್ಥವನ್ನು ಬೆಳಗಿಸುವಲ್ಲಿ ಅದನ್ನು ಗೌರವದಿಂದ ಸ್ವೀಕರಿಸಬೇಕು. ವಚನದ ಸ್ವಂತ ವಾಕ್ಯಾನ್ವಯಕ್ಕೆ ವಿರೋಧ ಬಂದಲ್ಲಿ ವಾಕ್ಯಕ್ಕೇ ಮಣಿಯಬೇಕು.

ವೈದಿಕ ಕರ್ಮಗಳ ವಿಚಾರಕ್ಕಾಗಿ ಹುಟ್ಟಿದ ನಿಯಮಗಳನ್ನು, ಆ ಕರ್ಮಮಾರ್ಗವನ್ನು ಪ್ರಶ್ನಿಸಿದ ಶರಣರ ಮಾತಿಗೆ ಅನ್ವಯಿಸುವುದು ಸರಿಯೇ ಎಂಬ ಆಕ್ಷೇಪಕ್ಕೆ ಉತ್ತರ ಕಷ್ಟವಲ್ಲ. ಇವು ಯಾವ ಮತಕ್ಕೂ ಸೇರಿದ ನಿಯಮಗಳಲ್ಲ, ಮಾತಿನ ನಿಯಮಗಳು. ಆಕಾಂಕ್ಷೆಯು ಮಂತ್ರದಲ್ಲಿರುವಂತೆಯೇ ಸಂತೆಯ ಮಾತಿನಲ್ಲಿಯೂ ಇದೆ. ಶರಣರು ಆಡುಮಾತನ್ನು ಆರಿಸಿಕೊಂಡದ್ದು ಅರ್ಥವು ಎಲ್ಲರಿಗೂ ತಲಪಲೆಂದು. ಅದು ಪೂರ್ಣವಾಗಿ ತಲಪುವಂತೆ ಓದುವುದು ಅವರ ಮಾತಿಗೆ ನಾವು ತೋರುವ ಗೌರವ.

ಆದುದರಿಂದ ವಚನವನ್ನು ಪಾಠ ಹೇಳುವವರೂ ಪ್ರವಚನ ಮಾಡುವವರೂ ಒಂದು ಹಳೆಯ ಅಭ್ಯಾಸವನ್ನು ಮತ್ತೆ ರೂಢಿಗೆ ತರಬಹುದು. ವಚನವನ್ನು ಅಂಕಿತದವರೆಗೆ ಒಮ್ಮೆ ನಿಲ್ಲಿಸದೆ ಓದುವುದು. ಕಡೆಯ ಕ್ರಿಯಾಪದವನ್ನು ಗುರುತಿಸುವುದು. ಯಾರು, ಏನನ್ನು, ಯಾರಿಗೆ, ಯಾವ ಪಕ್ಷದಲ್ಲಿ ಎಂದು ಖಂಡಾನ್ವಯದ ಪ್ರಶ್ನೆಗಳನ್ನು ಕೇಳುವುದು. ಪರರ ಮಾತು ಯಾವುದು, ಶರಣರ ಮಾತು ಯಾವುದು ಎಂದು ಬೇರ್ಪಡಿಸುವುದು. ಅಂಕಿತದ ವಿಭಕ್ತಿಯನ್ನು ನೋಡುವುದು. ಆಮೇಲೆ ತಾತ್ಪರ್ಯವನ್ನು ಹೇಳುವುದು. ಇಷ್ಟಕ್ಕೆ ಪಾಂಡಿತ್ಯ ಬೇಕಿಲ್ಲ, ತಾಳ್ಮೆ ಬೇಕು. ಒಂದು ಸಾಲನ್ನು ಮಾತ್ರ ಉದ್ಧರಿಸಬೇಕಾಗಿ ಬಂದಾಗ, ಬಿಟ್ಟ ಭಾಗವು ಹಿಡಿದ ಭಾಗಕ್ಕೆ ವಿರೋಧವಾಗಿಲ್ಲವೆಂದು ನೋಡಿಕೊಂಡರೆ ಸಾಕು. ಗುರುಪರಂಪರೆಯ ಅನ್ವಯವನ್ನು ಹರಿಯದಂತೆ ಕಾಪಾಡಿಕೊಂಡು ಬಂದ ನಮ್ಮ ಮಠಗಳು ಹಸ್ತಪ್ರತಿಗಳಲ್ಲಿ ವಚನಗಳನ್ನೂ ಉಳಿಸಿಕೊಟ್ಟಿವೆ. ಆ ವಚನಗಳ ವಾಕ್ಯಾನ್ವಯವನ್ನು ಹರಿಯದಂತೆ ಓದಿಕೊಂಡು ಬರುವ ಹೊಣೆ ಈಗಿನ ಓದುಗರದಾಗಿದೆ.